ಗೋಡೆ ನೆಟ್ಟಗೆ, ಊರು ಇದ್ದ ಹಾಗೆ

ವಿಧಾನಸೌಧದ ಮುಖ ಪೂರ್ವಕ್ಕೆ. ಎದುರಿನ ಅಠಾರಾ ಕಚೇರಿ, ಅಂದರೆ ಹೈಕೋರ್ಟಿನ ಕೆಂಪು ಕಟ್ಟಡ, ಅದರ ಕಡೆ ತೋರಿಸುವ ಮುಖ ಪಶ್ಚಿಮಕ್ಕೆ. ನಡುವೆ ಅಂಬೇಡ್ಕರ್ ವೀಧಿ. ಬೆಂಗಳೂರಿನ ಕಟ್ಟಡಗಳ ಫೋಟೋ ತೆಗೆಯುವವರಿಗೆ ಈ ಎರಡು ದಿಕ್ಕು ತಲೆಗೆ ಹತ್ತಿದರೆ ಅರ್ಧ ಕೆಲಸ ಮುಗಿದ ಹಾಗೆಯೇ. ಬೆಳಗಿನ ಎಳೆಬಿಸಿಲು ವಿಧಾನಸೌಧದ ಮೆಟ್ಟಿಲು ಹತ್ತಿ, ಮುಂಭಾಗದ 12 ಕಂಬಗಳ ಮೇಲೆ ಬೀಳುತ್ತದೆ. 40 ಅಡಿ ಎತ್ತರದ ಆ ಕಂಬಗಳ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ನೆರಳಿಗೆ ಸರಿದಾಗ ಕಲ್ಲಿಗೆ ಮೈ ಬರುತ್ತದೆ. ಬಿಸಿಲು ನೆತ್ತಿಗೇರುವ ಹೊತ್ತಿಗೆ ಎಲ್ಲವೂ ಚಪ್ಪಟೆ. ಮಧ್ಯಾಹ್ನ ಕಳೆಯಿತೋ, ಸೂರ್ಯ ಗುಮ್ಮಟದ ಹಿಂದಕ್ಕೆ ಹೋಗಿಬಿಡುತ್ತಾನೆ. ಆಗ ಕ್ಯಾಮೆರಾ ಹೊತ್ತವರು ಬೆನ್ನು ತಿರುಗಿಸಿ ಹೈಕೋರ್ಟಿನ ಕಡೆ ನೋಡಬೇಕು. ಸಂಜೆ ಬಿಸಿಲಿಗೆ ಆ ಕೆಂಪು ಇನ್ನಷ್ಟು ಕೆಂಪಾಗುತ್ತದೆ.

ಚಾಮರಾಜಪೇಟೆಯ ಸ್ಟುಡಿಯೋ ಒಂದಕ್ಕೆ ಎಂಬತ್ತರ ದಶಕದಲ್ಲಿ ಕೆಲಸದ ಹುಡುಗನಾಗಿ ಸೇರಿ, ಇಂದಿಗೂ ಊರಿನ ಕಟ್ಟಡಗಳ ಬೆನ್ನು ಬಿಡದ ಛಾಯಾಗ್ರಾಹಕರೊಬ್ಬರಿಗೆ ಈ ದಿಕ್ಕಿನ ಪಾಠ ದಕ್ಕಿದ್ದು ಭಾನುವಾರಗಳಲ್ಲಿ. ವಾರವಿಡೀ ಪಾಸ್‌ಪೋರ್ಟ್ ಸೈಜು, ಮದುವೆ ಆಲ್ಬಮ್ಮು, ನಾಮಕರಣ. ಭಾನುವಾರ ಮಾತ್ರ ಸ್ಟುಡಿಯೋದ ಯಾಶಿಕಾ-ಮ್ಯಾಟ್ ಕ್ಯಾಮೆರಾಕ್ಕೆ ಬಿಡುವು. ಮಾಲೀಕರನ್ನು ಬೀದಿಯವರೆಲ್ಲ ಮೇಷ್ಟ್ರೇ ಎಂದು ಕರೆಯುತ್ತಿದ್ದರು.

“ಮೇಷ್ಟ್ರೇ, ನಾಳೆ ಕ್ಯಾಮೆರಾ ತಗೊಂಡು ಹೋಗ್ಲಾ?”

“ಹೋಗು. ರೀಲು ನಿಂದು, ಹೈಪೋ ನಂದು.”

ಒಂದು ರೀಲಿಗೆ 12 ಚೌಕ ಚಿತ್ರ. ಹಾಗಾಗಿ ಒಂದೊಂದನ್ನೂ ಲೆಕ್ಕ ಹಾಕಿಯೇ ತೆಗೆಯಬೇಕಿತ್ತು. ಆ ಕ್ಯಾಮೆರಾವನ್ನು ಹೊಟ್ಟೆಯ ಮಟ್ಟದಲ್ಲಿ ಹಿಡಿದು, ಮೇಲಿನ ಗಾಜಿನಲ್ಲಿ ತಲೆ ಬಗ್ಗಿಸಿ ನೋಡಬೇಕು. ಎತ್ತರದ ಕಟ್ಟಡ ಅದರಲ್ಲಿ ಪೂರ್ತಿ ಹಿಡಿಸಬೇಕೆಂದರೆ ಲೆನ್ಸನ್ನು ಮೇಲಕ್ಕೆ ಓಲಿಸದೆ ವಿಧಿಯಿಲ್ಲ. ಓಲಿಸಿದ ಕೂಡಲೇ ಗೋಡೆಗಳು ಮೇಲೆ ಹೋದಂತೆಲ್ಲ ಒಳಕ್ಕೆ ವಾಲುತ್ತವೆ. ಟೌನ್‌ಹಾಲಿನ ಕಂಬಗಳು ಹಿಂದಕ್ಕೆ ಬೀಳುತ್ತಿರುವಂತೆ ಬಂದ ಮೊದಲ ಪ್ರಿಂಟನ್ನು ಮೇಷ್ಟ್ರು ಕೆಂಪು ದೀಪದ ಕೆಳಗೆ ಹಿಡಿದು ನೋಡಿ ಹೇಳಿದ್ದು ಇಷ್ಟೇ: “ಮುಂಚೆ ಗೋಡೆ ನೆಟ್ಟಗೆ ನಿಲ್ಲಿಸೋ. ಮೋಡ ಗೀಡ ಎಲ್ಲ ಆಮೇಲೆ.”

ದೊಡ್ಡ ಫಾರ್ಮ್ಯಾಟಿನ ಕ್ಯಾಮೆರಾಗಳಲ್ಲಿ ಇದಕ್ಕೆ ಉಪಾಯ ಮೊದಲಿನಿಂದಲೂ ಇತ್ತು. ಫಿಲ್ಮನ್ನು ಗೋಡೆಗೆ ಸಮಾನಾಂತರವಾಗಿಯೇ ಇಟ್ಟು, ಲೆನ್ಸಿನ ಹಲಗೆಯನ್ನಷ್ಟೇ ಮೇಲಕ್ಕೆ ಸರಿಸಿದರೆ ಸಾಕು. ಅದೇ ಉಪಾಯವನ್ನು 35 ಮಿ.ಮೀ. ಕ್ಯಾಮೆರಾಕ್ಕೆ ತಂದ ಶಿಫ್ಟ್ ಲೆನ್ಸನ್ನು ನಿಕಾನ್ 1962ರಲ್ಲೇ ಹೊರತಂದಿತ್ತು. ಚಾಮರಾಜಪೇಟೆಯ ಸ್ಟುಡಿಯೋಗೆ ಅದೆಲ್ಲ ಕೈಗೆಟುಕುವ ಮಾತಲ್ಲ. ಮೇಷ್ಟ್ರು ಅದೇ ಕೆಲಸವನ್ನು ಡಾರ್ಕ್ ರೂಮಿನಲ್ಲಿ ಬೆಂಕಿಪೊಟ್ಟಣದಿಂದ ಮಾಡುತ್ತಿದ್ದರು.

ಎನ್ಲಾರ್ಜರಿನ ಕೆಳಗೆ ಕಾಗದ ಹಿಡಿಯುವ ಹಲಗೆ ಇರುತ್ತದಲ್ಲ, ಕಟ್ಟಡದ ಬುಡ ಬೀಳುವ ಕಡೆ ಅದರ ಅಂಚಿಗೆ ಎರಡು ಬೆಂಕಿಪೊಟ್ಟಣ ಕೊಟ್ಟು ಎತ್ತುವುದು. ಲೆನ್ಸಿಗೆ ಹತ್ತಿರ ಬಂದ ಬುಡ ಕುಗ್ಗುತ್ತದೆ, ದೂರ ಉಳಿದ ತುದಿ ಹಿಗ್ಗುತ್ತದೆ, ಒಳಕ್ಕೆ ವಾಲಿದ್ದ ಗೋಡೆಗಳು ಮೆಲ್ಲಗೆ ನೆಟ್ಟಗಾಗುತ್ತವೆ. ಆದರೆ ಹಲಗೆ ಓರೆಯಾದ ಮೇಲೆ ಒಂದು ತುದಿ ಸ್ಪಷ್ಟವಾದರೆ ಇನ್ನೊಂದು ಮಸುಕು. ಅದಕ್ಕೆ ಲೆನ್ಸಿನ ರಂಧ್ರವನ್ನು ಎಫ್ 16ರವರೆಗೂ ಕಿರಿದು ಮಾಡಬೇಕು. ಬುಡಕ್ಕೆ ಬೆಳಕು ಹೆಚ್ಚು ತಾಗುವುದರಿಂದ, ಅದನ್ನು ಅಂಗೈಯಿಂದ ಮರೆಮಾಡಿ ತುದಿಗೆ ಇನ್ನಷ್ಟು ಸೆಕೆಂಡು ಕೊಡಬೇಕು. ಕೈ ಒಂದೇ ಕಡೆ ನಿಂತರೆ ಕಾಗದದ ಮೇಲೆ ಅದರ ಗೆರೆ ಮೂಡುತ್ತದೆ, ಆದ್ದರಿಂದ ಆಡಿಸುತ್ತಲೇ ಇರಬೇಕು. ಇಷ್ಟೆಲ್ಲ ಆಗಿ ಕಾಗದ ಡೆವಲಪರಿನಲ್ಲಿ ಮುಳುಗಿದಾಗ, ಟೌನ್‌ಹಾಲ್ ಮೊದಲ ಬಾರಿಗೆ ನೆಟ್ಟಗೆ ನಿಂತು ಮೇಲೆದ್ದು ಬಂತು. ಇಂದು ಲೈಟ್‌ರೂಮ್ ತಂತ್ರಾಂಶದಲ್ಲಿ ಒಂದು ಗುಂಡಿ ಒತ್ತಿದರೆ ಅದೇ ಲೆಕ್ಕ ಕಣ್ಣುಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಆ ಗುಂಡಿ ಒತ್ತುವಾಗಲೆಲ್ಲ ಅವರಿಗೆ ಬೆಂಕಿಪೊಟ್ಟಣದ ನೆನಪಾಗುತ್ತದಂತೆ.

ಅಠಾರಾ ಕಚೇರಿಯದು ಬೇರೆಯದೇ ತಕರಾರು. 1868ರಲ್ಲಿ ಕಟ್ಟಿ ಮುಗಿಸಿದ ಈ ಕಟ್ಟಡದ ಕೆಂಪು, ಸುತ್ತಲಿನ ಕಬ್ಬನ್ ಪಾರ್ಕಿನ ಹಸಿರು. ಎರಡೂ ಕಣ್ಣಿಗೆ ಎಷ್ಟು ಬೇರೆ ಬೇರೆಯೋ ಕಪ್ಪುಬಿಳುಪಿನಲ್ಲಿ ಅಷ್ಟೇ ಹತ್ತಿರ. ಹೆಚ್ಚುಕಡಿಮೆ ಒಂದೇ ಬೂದು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಫಿಲ್ಮಿನಲ್ಲಿ ತೆಗೆದ ಅವರ ಮೊದಮೊದಲ ಚಿತ್ರಗಳಲ್ಲಿ ಗೋಡೆ ಎಲ್ಲಿ ಮುಗಿಯಿತು, ಮರ ಎಲ್ಲಿ ಶುರುವಾಯಿತು ಎಂದು ಹುಡುಕಬೇಕು. ಮೇಷ್ಟ್ರು ಕೊಟ್ಟ ಕಿತ್ತಳೆ ಫಿಲ್ಟರನ್ನು ಲೆನ್ಸಿನ ಮುಂದೆ ಹಿಡಿದದ್ದೇ ತಡ, ಗೋಡೆ ಬೆಳ್ಳಗಾಯಿತು, ಎಲೆ ಕಪ್ಪಾಯಿತು, ಆಕಾಶದ ನೀಲಿ ದಟ್ಟವಾಯಿತು. ಕಟ್ಟಡ ಮರಗಳಿಂದ ಬಿಡಿಸಿಕೊಂಡು ಮುಂದೆ ಬಂತು. ಬಣ್ಣದ ಡಿಜಿಟಲ್ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸುವಾಗ ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಪಟ್ಟಿಗಳು ಇವತ್ತಿಗೂ ಮಾಡುವುದು ಈ ಕಿತ್ತಳೆ ಗಾಜಿನ ಕೆಲಸವನ್ನೇ.

ಫೋಟೋ ತಿದ್ದುವುದು ಕಂಪ್ಯೂಟರ್ ಬಂದ ಮೇಲೆ ಶುರುವಾದ ಚಾಳಿ ಎನ್ನುವವರಿಗೆ ಅವರು ಹಳೇಬೀಡಿನ ಕಡೆ ಕೈ ತೋರಿಸುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ ಲಿನ್ನೇಯಸ್ ಟ್ರೈಪ್ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ದೇವಸ್ಥಾನಗಳನ್ನು ಚಿತ್ರಿಸಿದ. ಮರುವರ್ಷ ಬರ್ಮಾಕ್ಕೆ ಹೋದ. ಆ ಕಾಲದ ಕಾಗದದ ನೆಗೆಟಿವುಗಳಿಗೆ ನೀಲಿ ಬಣ್ಣವೆಂದರೆ ಅತಿಯಾದ ಬೆಳಕು. ಆಕಾಶ ಖಾಲಿಯಾಗಿ, ಕಲೆಕಲೆಯಾಗಿ ಬರುತ್ತಿತ್ತು. ಬರ್ಮಾದ ಚಿತ್ರಗಳಲ್ಲಿ ಟ್ರೈಪ್ ಕುಂಚ ಹಿಡಿದು ನೆಗೆಟಿವಿನ ಮೇಲೆಯೇ ಬಣ್ಣ ಹಚ್ಚಿ ಮೋಡ ಕೂಡಿಸಿದ, ಮಸುಕಾದ ಎಲೆಗೊಂಚಲುಗಳನ್ನು ತಿದ್ದಿದ. 1856ರಲ್ಲಿ ಹಂಪಿಯನ್ನು ಮೇಣ ಸವರಿದ ಕಾಗದದ ದೊಡ್ಡ ನೆಗೆಟಿವುಗಳಲ್ಲಿ ಹಿಡಿದ ಅಲೆಕ್ಸಾಂಡರ್ ಗ್ರೀನ್‌ಲಾ ಬಿಟ್ಟುಹೋದದ್ದು ಇನ್ನೂ ದೊಡ್ಡ ಆಸ್ತಿ. ಶತಮಾನ ದಾಟಿದ ಮೇಲೆ ಆ ನೆಗೆಟಿವುಗಳು ಬೆಳಕಿಗೆ ಬಂದವು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಯಾವ ಗೋಪುರ ಕುಸಿದಿದೆ, ಯಾವ ಗೋಡೆ ಉಳಿದಿದೆ, ಯಾವುದನ್ನು ದುರಸ್ತಿ ಮಾಡಿದ್ದಾರೆ ಎಂಬುದೆಲ್ಲ ಬಾಯಿಬಿಟ್ಟು ಹೇಳದೆಯೇ ತಿಳಿಯುತ್ತದೆ.

ಟ್ರೈಪ್‌ನ ಮೋಡವೂ ಗ್ರೀನ್‌ಲಾನ ಹಂಪಿಯೂ ಸೇರಿ ಅವರ ಮನಸ್ಸಿನಲ್ಲಿ ಒಂದು ಗೆರೆ ಎಳೆದವು. ಲೆನ್ಸು, ಫಿಲ್ಮು, ಸೆನ್ಸರು ತಾವಾಗಿ ಕೆಡಿಸಿದ್ದನ್ನು ತಿದ್ದಲೇಬೇಕು. ವಾಲಿದ ಗೋಡೆ, ಸತ್ತ ಬಣ್ಣ, ಧೂಳಿನ ಚುಕ್ಕೆ, ಇವು ಕಟ್ಟಡದ್ದಲ್ಲ. ಕಟ್ಟಡದ ಮುಂದೆ ಊರು ತಂದಿಟ್ಟದ್ದನ್ನು ಮುಟ್ಟಕೂಡದು.

ಈ ಗೆರೆಯನ್ನು ಕಾಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ, ಅದರಲ್ಲೂ 2004ರಲ್ಲಿ ಬಂದ ನಿಕಾನ್ ಡಿ70 ಡಿಜಿಟಲ್ ಕ್ಯಾಮೆರಾ ಕೈಗೆ ಸಿಕ್ಕ ಮೇಲೆ. ರೀಲಿನ ಖರ್ಚು ನಿಂತಿತು. ತೆಗೆದದ್ದನ್ನು ‘ರಾ’ ಕಡತವಾಗಿ ಉಳಿಸಿಕೊಂಡರೆ ಬಣ್ಣ, ಬೆಳಕು ಎರಡನ್ನೂ ಮನೆಗೆ ಬಂದ ಮೇಲೆ ನಿಧಾನವಾಗಿ ತೀರ್ಮಾನಿಸಬಹುದು. ಜೆಪೆಗ್ ಕಡತ ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬಿಳುಪಿನವರೆಗೆ 256 ಮೆಟ್ಟಿಲು ಕೊಡುತ್ತದೆ. ಇಂದಿನ ಕ್ಯಾಮೆರಾಗಳ 14 ಬಿಟ್ ‘ರಾ’ ಕಡತ ಕೊಡುವುದು 16,384. ಕಂಬದ ನೆರಳಿನಲ್ಲಿ ಅಡಗಿದ ಕೆತ್ತನೆಯನ್ನು ಮೇಲೆತ್ತುವಾಗ ಈ ಮೆಟ್ಟಿಲುಗಳ ಬೆಲೆ ಗೊತ್ತಾಗುತ್ತದೆ.

ಅದರ ಪೂರ್ತಿ ಬೆಲೆ ತಿಳಿದದ್ದು ಮೈಸೂರಿನಲ್ಲಿ. ಹಳೆಯ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದ, 1912ರಲ್ಲಿ ಮುಗಿದ ಈಗಿನ ಅರಮನೆಗೆ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ ಏಳಕ್ಕೆ ದೀಪ ಹಚ್ಚುತ್ತಾರೆ. ಲಕ್ಷಕ್ಕೆ ಹತ್ತಿರದ ಬಲ್ಬುಗಳು ಒಮ್ಮೆಲೇ ಹೊತ್ತಿಕೊಂಡಾಗ ಮೈದಾನದಲ್ಲಿ ನೆರೆದವರ ಬಾಯಿಂದ ಹೊರಡುವ ಉದ್ಗಾರವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ದೀಪ ಏಳಕ್ಕೇ ಹತ್ತಿದರೂ ಸೂರ್ಯ ಮುಳುಗುವ ಹೊತ್ತು ಮಾತ್ರ ತಿಂಗಳಿಗೊಂದು ತರ. ದಸರೆಯ ಹೊತ್ತಿಗೆ, ಅಂದರೆ ಅಕ್ಟೋಬರಿನಲ್ಲಿ, ಏಳಕ್ಕೆ ಆಕಾಶ ಆಗಲೇ ಕಪ್ಪು. ಗೋಪುರದ ಹಿಂದೆ ಏನೂ ಉಳಿದಿರುವುದಿಲ್ಲ. ಡಿಸೆಂಬರಿನಲ್ಲಿ ಇನ್ನೂ ಕತ್ತಲೆ. ಏಪ್ರಿಲ್-ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೇ ಆರೂವರೆ ದಾಟಿದ ಮೇಲೆ. ಆಗ ಏಳಕ್ಕೆ ಪಶ್ಚಿಮದಲ್ಲಿ ಕಡುನೀಲಿ ಇನ್ನೂ ಇರುತ್ತದೆ. ಅರಮನೆಯ ಮುಖವೂ ಪೂರ್ವಕ್ಕೆ ಇರುವುದರಿಂದ ಆ ನೀಲಿ ನೇರ ಗುಮ್ಮಟಗಳ ಹಿಂದೆಯೇ ಬಂದು ನಿಲ್ಲುತ್ತದೆ. ಬಲ್ಬಿನ ಹಳದಿಗೂ ಮುಗಿಲಿನ ನೀಲಿಗೂ ತೂಕ ಸರಿಹೋಗುವುದು ಕೆಲವೇ ನಿಮಿಷ. ದಸರೆಯ ಜನಸಾಗರದಲ್ಲಿ ಸಿಗದ ಚಿತ್ರ ಬೇಸಿಗೆಯ ಒಂದು ಸಾಮಾನ್ಯ ಭಾನುವಾರ ಸಿಕ್ಕಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದಾಗ ಇನ್ನೊಂದು ಪ್ರಶ್ನೆ. ಬಿಳುಪನ್ನು ಬಿಳುಪಾಗಿಯೇ ತೋರಿಸುವ ‘ವೈಟ್ ಬ್ಯಾಲೆನ್ಸ್’ ಲೆಕ್ಕವನ್ನು ತಂತ್ರಾಂಶದ ಪಾಡಿಗೆ ಬಿಟ್ಟರೆ ಅದು ಬಲ್ಬಿನ ಹಳದಿಯನ್ನು ದೋಷವೆಂದು ತಿಳಿದು ಒರೆಸಿಹಾಕುತ್ತದೆ. ಚಿನ್ನದ ಅರಮನೆ ಸುಣ್ಣದ್ದಾಗುತ್ತದೆ. ಕ್ಯಾಮೆರಾದ ಹಗಲಿನ ಲೆಕ್ಕ, ಅಂದರೆ 5,500 ಕೆಲ್ವಿನ್ ಸುಮಾರು, ಹಾಗೆಯೇ ಇಟ್ಟರೆ ಕಿತ್ತಳೆ ಮಿತಿಮೀರುತ್ತದೆ. ಅವರು ಎರಡರ ನಡುವೆ ಪಟ್ಟಿಯನ್ನು ಜಗ್ಗುತ್ತ, ಮೈದಾನದಲ್ಲಿ ನಿಂತಾಗ ಕಣ್ಣಿಗೆ ಕಂಡ ಬಣ್ಣ ಯಾವುದು ಎಂದು ನೆನಪಿಸಿಕೊಳ್ಳುತ್ತ ಕೂತರು. ಯಾವ ಯಂತ್ರವೂ ಆ ಉತ್ತರ ಕೊಡುವುದಿಲ್ಲ. ನೋಡಿದ ದಿನವೇ ಕೂತು ತಿದ್ದಬೇಕು ಎಂಬ ಅಭ್ಯಾಸ ಅಲ್ಲಿಂದ ಬಂತು. ಅದೇ ಕಾಲಕ್ಕೆ ಎಲ್ಲೆಲ್ಲೂ ಎಚ್‌ಡಿಆರ್ ಹುಚ್ಚು. ಬೆಳಕು ಹೆಚ್ಚುಕಡಿಮೆ ಮಾಡಿ ತೆಗೆದ ಮೂರು ಚಿತ್ರಗಳನ್ನು ಒಂದಾಗಿಸುವ ಈ ವಿದ್ಯೆ ಅರಮನೆಗೆ ನಿಜಕ್ಕೂ ಉಪಕಾರಿ, ಏಕೆಂದರೆ ಬಲ್ಬಿಗೆ ಸರಿಹೋದ ಬೆಳಕಿನಲ್ಲಿ ಕಮಾನಿನ ಒಳಗಿನ ಕತ್ತಲೆ ಬಾಯಿಬಿಡುವುದಿಲ್ಲ. ಕೈ ಮೀರಿ ಎಳೆದರೆ ಮಾತ್ರ ಗುಮ್ಮಟದ ಸುತ್ತ ಬಿಳಿ ಪ್ರಭೆ ಏಳುತ್ತದೆ, ಮೋಡ ಹಸಿ ಸೌದೆಯ ಒಲೆ ಹೊಗೆಯ ಹಾಗೆ ಕಪ್ಪಿಡುತ್ತದೆ.

ಜನರನ್ನು ಚಿತ್ರದಿಂದ ಮಾಯ ಮಾಡುವ ವಿದ್ಯೆಯೂ ಆಗಲೇ ಅವರ ಕೈಗೆ ಬಂದದ್ದು. ಇದಕ್ಕೂ ಹಳೆಯ ಇತಿಹಾಸವಿದೆ. 1838ರಲ್ಲಿ, ಛಾಯಾಗ್ರಹಣದ ಆದ್ಯರಲ್ಲೊಬ್ಬನಾದ ಡಾಗೇರ್ ಪ್ಯಾರಿಸಿನ ಬುಲೇವಾರ್ ದು ತಾಂಪ್ಲ್ ಬೀದಿಯನ್ನು ಕಿಟಕಿಯಿಂದ ತೆಗೆದಾಗ, ತಟ್ಟೆಗೆ ಬೆಳಕು ಹಿಡಿಯಲು ನಿಮಿಷಗಟ್ಟಲೆ ಬೇಕಾಗಿದ್ದರಿಂದ ಓಡಾಡುತ್ತಿದ್ದ ಗಾಡಿ, ಕುದುರೆ, ಜನ ಯಾವುದೂ ಮೂಡಲಿಲ್ಲ. ಬೂಟ್ ಪಾಲಿಶ್ ಮಾಡಿಸಿಕೊಳ್ಳುತ್ತ ಒಂದೇ ಕಡೆ ನಿಂತಿದ್ದ ಒಬ್ಬಾತ ಮಾತ್ರ ಉಳಿದ. ಈಗ ಫೋಟೋಶಾಪ್ ಅದನ್ನು ಬೇರೆ ದಾರಿಯಲ್ಲಿ ಮಾಡುತ್ತದೆ. ಸ್ಟ್ಯಾಂಡ್ ಅಲ್ಲಾಡದಂತೆ ಇಟ್ಟು, ಬಿಟ್ಟು ಬಿಟ್ಟು ಹಲವು ಚಿತ್ರ ತೆಗೆದು ಒಂದರ ಮೇಲೊಂದು ಪೇರಿಸಬೇಕು. ಒಂದೊಂದು ಬಿಂದುವಿನಲ್ಲೂ ಎಲ್ಲ ಚಿತ್ರಗಳ ಬೆಲೆಯನ್ನು ಸಾಲಾಗಿ ಜೋಡಿಸಿ ನಡುವಿನದನ್ನು ಮಾತ್ರ ಅದು ಉಳಿಸಿಕೊಳ್ಳುತ್ತದೆ. ನೆಲ ಹೆಚ್ಚಿನ ಚಿತ್ರಗಳಲ್ಲಿ ನೆಲವೇ. ಹಾದುಹೋದವರು ಒಂದೆರಡರಲ್ಲಿ ಮಾತ್ರ ಇರುವುದರಿಂದ ಬಿದ್ದುಹೋಗುತ್ತಾರೆ.

ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಇದನ್ನು ಮಾಡಿ ನೋಡಿದರು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸನ್ನು ಮಾದರಿಯಾಗಿಟ್ಟುಕೊಂಡ, 1889ರಲ್ಲಿ ಅಡಿಗಲ್ಲು ಬಿದ್ದ ಆ ಎರಕದ ಕಬ್ಬಿಣದ ಚೌಕಟ್ಟು ಜನರ ಸಂದಣಿ ಕರಗಿ ತನ್ನಷ್ಟಕ್ಕೆ ಎದ್ದು ನಿಂತಿತು. ಒಂದು ಕಂಬದ ಬುಡದಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತ ಅಜ್ಜ ಮಾತ್ರ ಕದಲಿರಲಿಲ್ಲ. ಎಲ್ಲ ಚಿತ್ರದಲ್ಲೂ ಇದ್ದಾರೆ, ಆದ್ದರಿಂದ ಕೊನೆಯದರಲ್ಲೂ ಇದ್ದಾರೆ. ಕ್ಯಾಲೆಂಡರಿಗೆ ಚಿತ್ರ ಕೇಳಿದ್ದವರು ನೋಡಿ ಖುಷಿಯಾಗಿ, “ಆ ಅಜ್ಜನ್ನೂ ತೆಗೆದುಬಿಡಿ ಸರ್” ಎಂದರು. “ಅವರು ಇರ್ಲಿ ಬಿಡಿ. ಕಂಬ ಎಷ್ಟು ಎತ್ತರ ಅಂತ ಗೊತ್ತಾಗೋದು ಅವರಿಂದಲೇ” ಎಂದರು ಇವರು. ಕ್ಯಾಲೆಂಡರಿನ ಪುಟದಲ್ಲಿ ಅಜ್ಜ ಉಳಿದರು. ಅಷ್ಟೂ ಜನರಿರುವ ಮೂಲ ಚಿತ್ರಗಳು ಕಡತದಲ್ಲಿ ಉಳಿದವು.

ಅವುಗಳನ್ನು ಉಳಿಸಿಕೊಂಡದ್ದು ಏಕೆ ಎಂಬುದಕ್ಕೆ ಎಂ.ಜಿ. ರಸ್ತೆಯೇ ಉತ್ತರ. ತೊಂಬತ್ತರ ದಶಕದಲ್ಲಿ ಅವರು ಪ್ಲಾಜಾ ಚಿತ್ರಮಂದಿರವನ್ನು ಎದುರುಬದಿಯಿಂದ ತೆಗೆದ ಒಂದು ಚಿತ್ರವಿದೆ. ಕಟ್ಟಡದ ಚಿತ್ರ ಎನ್ನುವ ಲೆಕ್ಕದಲ್ಲಿ ನೋಡಿದರೆ ಅಡೆತಡೆಗಳೇ ತುಂಬಿವೆ. ಅಡ್ಡ ಬಂದ ಬಸ್ಸು, ಕಂಬದಿಂದ ಕಂಬಕ್ಕೆ ಜೋತುಬಿದ್ದ ತಂತಿ, ಸಾಲಾಗಿ ನಿಲ್ಲಿಸಿದ ಸ್ಕೂಟರು, ಹಳದಿ ಬಣ್ಣದ ಎಸ್‌ಟಿಡಿ ಬೋರ್ಡು. 1936ರ ಆ ಪ್ಲಾಜಾ ಈಗಿಲ್ಲ. ಅದಿದ್ದ ಜಾಗದಲ್ಲಿ ಎಂ.ಜಿ. ರಸ್ತೆ ಮೆಟ್ರೊ ನಿಲ್ದಾಣ ಬಂದಿದೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಮೊದಲ ರೈಲು ಓಡಿದ ಮೇಲೆ, ಹಳೆಯ ರಸ್ತೆ ಹೇಗಿತ್ತು ಎಂದು ಕೇಳಿಕೊಂಡು ಬಂದವರಿಗೆಲ್ಲ ಬೇಕಾದದ್ದು ಇದೇ ಚಿತ್ರ. ವಾಸ್ತುಶಿಲ್ಪ ಓದುವ ಹುಡುಗಿಯೊಬ್ಬಳು ಭೂತಗನ್ನಡಿ ಹಿಡಿದು ಗಂಟೆಗಟ್ಟಲೆ ನೋಡಿದ್ದು ಚಿತ್ರಮಂದಿರವನ್ನಲ್ಲ. ಪಕ್ಕದ ಅಂಗಡಿಗಳ ಬೋರ್ಡುಗಳನ್ನು, ಫುಟ್‌ಪಾತಿನ ಅಗಲವನ್ನು, ಮರದ ನೆರಳು ಎಲ್ಲಿಯವರೆಗೆ ಚಾಚಿತ್ತು ಎಂಬುದನ್ನು. ಬಸ್ಸಿನ ಮೇಲೆ ಬಿಟಿಎಸ್ ಎಂದಿದೆ. ಬಿಎಂಟಿಸಿ ಆದದ್ದು 1997ರಲ್ಲಿ, ಹಾಗಾಗಿ ಚಿತ್ರ ಅದಕ್ಕೂ ಹಿಂದಿನದು. ಆಟೋಗಳು ಹಸಿರಾಗಿಲ್ಲ, ಹಳದಿ-ಕಪ್ಪೇ ಇವೆ. ನೆಗೆಟಿವಿನ ಹೊದಿಕೆಯ ಮೇಲೆ ತಾರೀಖು ಅಳಿಸಿಹೋಗಿದ್ದರೂ ಚಿತ್ರವೇ ತನ್ನ ಕಾಲವನ್ನು ಹೇಳುತ್ತಿತ್ತು. ತಂತಿ, ಬಸ್ಸು, ಬೋರ್ಡುಗಳನ್ನೆಲ್ಲ ಒರೆಸಿ ಅಚ್ಚುಕಟ್ಟು ಮಾಡಿದ್ದರೆ ಉಳಿಯುತ್ತಿದ್ದದ್ದು ಒಂದು ಕಟ್ಟಡದ ಮುಂಗೋಡೆ ಮಾತ್ರ.

ಒರೆಸುವ ಕೆಲಸ ಈಗ ಎಷ್ಟು ಸಲೀಸು ಎಂಬುದು ಅವರಿಗೆ ಚೆನ್ನಾಗಿ ಗೊತ್ತು. 1990ರಲ್ಲಿ ಫೋಟೋಶಾಪ್ ಬಂದಾಗ ಒಂದು ತಂತಿ ಅಳಿಸಲು ಪಕ್ಕದ ಆಕಾಶವನ್ನು ಚೂರುಚೂರಾಗಿ ನಕಲು ಮಾಡಿ ಅಂಟಿಸಬೇಕಿತ್ತು. 2010ರಲ್ಲಿ, ಸುತ್ತ ಗೆರೆ ಎಳೆದರೆ ಸಾಕು, ಒಳಗಿನದನ್ನು ತಂತ್ರಾಂಶವೇ ಊಹಿಸಿ ತುಂಬತೊಡಗಿತು. 2020ರಲ್ಲಿ ಆಕಾಶವನ್ನೇ ಪೂರ್ತಿ ಬದಲಿಸುವ ಗುಂಡಿ ಬಂತು. ಅದರ ಫಲವಾದ ಒಂದು ವಿಧಾನಸೌಧ ಅವರ ಮೊಬೈಲಿಗೂ ಬಂದಿತ್ತು. ಗುಮ್ಮಟದ ಹಿಂದೆ ಕೆಂಡದಂಥ ಸೂರ್ಯಾಸ್ತ, ಮುಂದಿನ ಕಂಬಗಳ ಮೇಲೆ ಹೊಳೆಯುವ ಬೆಳಗಿನ ಬಿಸಿಲು. ಪೂರ್ವಕ್ಕೆ ಮುಖ ಮಾಡಿದ ಕಟ್ಟಡಕ್ಕೆ ಇವೆರಡೂ ಒಂದೇ ಗಳಿಗೆಯಲ್ಲಿ ಕೂಡಿಬರಲು ಎರಡು ಸೂರ್ಯ ಬೇಕು. ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆಂದು, ಅಡ್ಡಡ್ಡಲಾಗಿದ್ದ ಚಿತ್ರವನ್ನು ಉದ್ದಕ್ಕೆ ಹೊಂದಿಸಲು, ಗೀಜಾದ ಪಿರಮಿಡ್ಡುಗಳನ್ನು ಕಂಪ್ಯೂಟರಿನಲ್ಲಿ ಹತ್ತಿರಕ್ಕೆ ಸರಿಸಿದಾಗ ದೊಡ್ಡ ಗದ್ದಲವೇ ಎದ್ದಿತ್ತು. ಸಾವಿರಾರು ವರ್ಷದಿಂದ ನಿಂತದ್ದು ನಿಂತಲ್ಲೇ ಇದೆ ಎಂದು ನಂಬಿ ಜನ ಆ ಚಿತ್ರ ನೋಡುತ್ತಾರೆ ಎಂಬುದನ್ನು ಆ ಪ್ರಕರಣ ಎಲ್ಲರಿಗೂ ಮನದಟ್ಟು ಮಾಡಿಸಿತು. ನೆರಳು ಯಾವ ಕಡೆ ಬಿದ್ದಿದೆ ಎಂದು ಮೊದಲು ನೋಡಿ ಎಂದು ಅವರು ಹೊಸಬರಿಗೆ ಹೇಳುವುದು ಈ ಕಾರಣಕ್ಕೆ.

ಹೊಸಬರು ಕೇಳುವ ಇನ್ನೊಂದು ಪ್ರಶ್ನೆ, ಕಟ್ಟಡಗಳ ಫೋಟೋ ತೆಗೆಯಲು ಕಾನೂನು ಬಿಡುತ್ತದೆಯೇ ಎಂಬುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ವಾಸ್ತುಕೃತಿಗಳ ಛಾಯಾಚಿತ್ರ ತೆಗೆಯುವುದನ್ನೂ ಪ್ರಕಟಿಸುವುದನ್ನೂ ಕೃತಿಸ್ವಾಮ್ಯದ ಉಲ್ಲಂಘನೆಯಿಂದ ಹೊರಗಿಟ್ಟಿದೆ. ಭದ್ರತೆಯ ಕಟ್ಟುಪಾಡು ಬೇರೆ. ಒಂದು ಗೇಟಿನ ಬಳಿ ಕಾವಲಿನವರು ಬಂದು, “ಕೈಯಲ್ಲಿ ಹಿಡ್ಕೊಂಡು ಎಷ್ಟು ಬೇಕಾದ್ರೂ ತಗೊಳ್ಳಿ ಸರ್, ಸ್ಟ್ಯಾಂಡ್ ಮಾತ್ರ ಬೇಡ” ಎಂದಾಗ ಸ್ಟ್ಯಾಂಡ್ ಮಡಚಿ, ಉಸಿರು ಬಿಗಿಹಿಡಿದು, ಗೋಡೆಗೊರಗಿ ತೆಗೆದ ಚಿತ್ರಗಳೂ ಅವರಲ್ಲಿವೆ.

ಈಗ ಹಗಲಿನ ಬಹುಪಾಲು ಹಳೆಯ ನೆಗೆಟಿವುಗಳಿಗೇ ಮೀಸಲು. ಬೆಂಗಳೂರಿನ ಮಳೆಗಾಲದ ತೇವಕ್ಕೆ ಕೆಲವಕ್ಕೆ ಬೂಷ್ಟು ಹಿಡಿದಿದೆ, ಕೆಲವು ಹೊದಿಕೆ ಬಿಡಿಸಿದರೆ ಹುಳಿ ವಾಸನೆ ಹೊಡೆಯುತ್ತವೆ; ಅವನ್ನು ಮೊದಲು ಸ್ಕ್ಯಾನ್ ಮಾಡಬೇಕು. ಒಂದೊಂದಕ್ಕೂ ಎರಡು ಕಡತ. ಬಂದದ್ದು ಬಂದ ಹಾಗೆ ಒಂದು, ಗೆರೆ ನೆಟ್ಟಗೆ ಮಾಡಿ ಚುಕ್ಕೆ ತೆಗೆದದ್ದು ಇನ್ನೊಂದು. ಜೊತೆಗೆ ನಾಲ್ಕು ಸಾಲು ಬರೆದಿಡುತ್ತಾರೆ: ಯಾವ ಜಾಗ, ಯಾವ ಕಡೆ ಮುಖ ಮಾಡಿ ನಿಂತದ್ದು, ಬಿಸಿಲು ಎಲ್ಲಿಂದ, ತಿದ್ದಿದ್ದು ಏನೇನು. ಎಂ.ಜಿ. ರಸ್ತೆ ಮುಗಿದಿದೆ. ಮುಂದಿನ ಪೆಟ್ಟಿಗೆ ಕೆ.ಆರ್. ಮಾರುಕಟ್ಟೆಯದು. ಅದರಲ್ಲಿ ಹೂವಿನ ಬುಟ್ಟಿಗಳ ನಡುವೆ ಕಟ್ಟಡದ ಗೋಡೆ ಕಾಣುವುದೇ ಅಪರೂಪ. ಆದರೂ ಒಂದನ್ನೂ ಬಿಡದೆ ಸ್ಕ್ಯಾನ್ ಮಾಡುವುದೆಂದು ತೀರ್ಮಾನವಾಗಿದೆ. ಆ ವಾಸ್ತುಶಿಲ್ಪದ ಹುಡುಗಿ ಪದವಿ ಮುಗಿಸಿ ಈಗ ಶನಿವಾರಗಳಲ್ಲಿ ಬಂದು, ಅಂಗಡಿಗಳ ಬೋರ್ಡು ಓದಿ ಹೆಸರುಗಳನ್ನು ಪಟ್ಟಿ ಮಾಡುತ್ತಾಳೆ.